ಹುಡುಗಿಗೆ ಮೂರು ಬೆರಳು, ನನಗೆ ಒಂದು ಗೇಣು

ನನಗೆ ಮೈಕು ಇಡೋಕೆ ನಮ್ಮ ಯಜಮಾನರಿಗೆ ಒಂದು ನಿಮಿಷ ಸಾಕು. ಮದುವೆ ಛತ್ರವೋ ಮಠದ ಅಂಗಳವೋ, ಎಲ್ಲಾದರೂ ಸರಿ, ಸ್ಟ್ಯಾಂಡ್ ತಂದು ನನ್ನ ಬಲಗಡೆ ನಿಲ್ಲಿಸಿ, ಬೆರಳಾಡುವ ಜಾಗದ ಮೇಲೆ ಒಂದು ಗೇಣು ದೂರ ಬಿಟ್ಟು, ತಿರುಪು ಬಿಗಿಮಾಡಿ ಹೊರಟುಬಿಡುತ್ತಾರೆ. ಹನ್ನೆರಡು ವರ್ಷದಿಂದ ಇದೇ. ಗುಂಡ್ಲುಪೇಟೆಯಲ್ಲಿ ಅವರದು ಸೌಂಡ್ ಸರ್ವಿಸ್ ಅಂಗಡಿ, ನಾನು ಕೊಳಲು ನುಡಿಸುವವಳು. ಒಂದೇ ಗೂಡ್ಸ್ ಆಟೋದಲ್ಲಿ ಸೆಟ್ಟನ್ನೂ ನನ್ನನ್ನೂ ಹಾಕಿಕೊಂಡು ತೆರಕಣಾಂಬಿ, ಚಾಮರಾಜನಗರ ಅಂತ ಸುತ್ತಿದ್ದಾರೆ. ಬೇರೆ ಕಲಾವಿದರಿಗಾದರೆ ಕಾಲ ಬಳಿ ಒಂದು ಮಾನಿಟರ್ ಪೆಟ್ಟಿಗೆ ಇಡುತ್ತಾರೆ, ತಾವು ನುಡಿಸಿದ್ದು ತಮಗೇ ಕೇಳಲಿ ಅಂತ. ನನಗೆ ಅದೂ ಇಲ್ಲ. ಕೇಳಿದರೆ, ಇಟ್ಟರೆ ಕುಂಯ್ ಅಂತ ಕೂಗುತ್ತೆ ಅನ್ನೋದೊಂದೇ ಉತ್ತರ. ಊರವರಿಗೆಲ್ಲ ಕೂಗದ ಪೆಟ್ಟಿಗೆ ನನಗೊಬ್ಬಳಿಗೇ ಯಾಕೆ ಕೂಗಬೇಕು? ಮನೆಯವಳು ತಾನೇ, ಹೇಗಿಟ್ಟರೂ ನಡೆಯುತ್ತೆ ಅನ್ನುವ ಅಸಡ್ಡೆ ಅಂತಲೇ ನಾನು ತಿಳಿದಿದ್ದೆ.

ಹೋದ ವರ್ಷ ಮೈಸೂರಿನ ಒಂದು ಸಂಗೀತ ಸಭೆಯವರು, ನಿಮ್ಮ ಜಿಲ್ಲೆಯಿಂದ ಒಬ್ಬರ ಕೊಳಲು ಕಛೇರಿ ಇಡುತ್ತೇವೆ, ಹತ್ತು ನಿಮಿಷದ ರೆಕಾರ್ಡಿಂಗ್ ಕಳಿಸಿ, ಕೇಳಿ ಆರಿಸುತ್ತೇವೆ ಅಂದರು. ನನ್ನ ಜೀವ ಅದರ ಮೇಲೇ ಹೋಯಿತು. ಮದುವೆಯಲ್ಲಿ ನನ್ನ ಕೊಳಲು ಕೇಳುವವರು ಯಾರು? ಧಾರೆ ಮುಗಿಯುತ್ತಲೇ ಜನ ಊಟಕ್ಕೆ ಜಾಗ ಹಿಡಿಯಲು ಓಡುತ್ತಾರೆ. ನಾನು ಖಾಲಿ ಕುರ್ಚಿಗಳಿಗೆ ಕಲ್ಯಾಣಿ ನುಡಿಸುತ್ತಾ ಕೂತಿರುತ್ತೇನೆ. ಒಂದೇ ಒಂದು ಸಲ, ಕೇಳೋಕೆ ಅಂತಲೇ ಬಂದು ಕೂತವರ ಮುಂದೆ ನುಡಿಸಬೇಕು ಅನ್ನುವ ಆಸೆ ನನಗೆ.

ಅದೇ ಸಭೆಗೆ ಕಳಿಸಲು ರೆಕಾರ್ಡಿಂಗ್ ಮಾಡಿಸಬೇಕು ಅಂತ ಚಾಮರಾಜನಗರದಿಂದ ಒಬ್ಬಳು ಹುಡುಗಿ ತಾಯಿಯ ಜೊತೆ ಬಸ್ಸಲ್ಲಿ ಬಂದಳು. ಬಂದದ್ದು ನಮ್ಮ ಅಂಗಡಿಗೇ. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಅಂಗಡಿ ಹಿಂದಿನ ಕೋಣೆಯಲ್ಲಿ ಕಿಟಕಿಗೆ ರಗ್ಗು ಹೊದಿಸಿ, ಫ್ಯಾನು ಆರಿಸಿ, ನಮ್ಮ ಯಜಮಾನರು ಶುರುಮಾಡಿದರು ನೋಡಿ. ಮೊದಲು ಸ್ಟೇಜಿನ ಮೈಕು ಇಟ್ಟರು, ಬೇಡ ಅಂತ ತೆಗೆದರು. ಆಮೇಲೆ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕು ಬಂತು. ಬೆರಳಿನ ಕಡೆ ಇಟ್ಟು ನೋಡಿದರು, ಕೊಳಲಿನ ತುದಿಗೆ ಹಿಡಿದು ನೋಡಿದರು. ಕೊನೆಗೆ ನೆಲಕ್ಕೆ ಮಂಡಿಯೂರಿ, ಹುಡುಗಿ ಊದುವ ತೂತಿನ ಎದುರಿಗೇ, ಉಸಿರಿನ ಗಾಳಿ ನೇರ ಬಡಿಯದ ಹಾಗೆ ಚೂರು ಮೇಲಕ್ಕೆ, ಮೂರು ಬೆರಳು ದೂರದಲ್ಲಿ ನಿಲ್ಲಿಸಿದರು. ಕೇರಳಕ್ಕೆ ತರಕಾರಿ ಒಯ್ಯುವ ಲಾರಿ ಹಾದುಹೋದರೆ ಅದು ಮರೆಯಾಗುವ ತನಕ ಕಾದು, ಇನ್ನೊಂದ್ಸಲ ಊದಮ್ಮಿ ಅನ್ನುವರು. ಅಮ್ಮಿಯಂತೆ! ನನ್ನನ್ನು ಕರೆಯುವುದೂ ಹಾಗೇ.

ಒಂದು ಗಂಟೆ ನಡೆಯಿತು ಈ ಉಪಚಾರ. ನಾನು ಎರಡು ಸಲ ಟೀ ಇಟ್ಟು ಬಂದೆ, ಎರಡೂ ಸಲ ತಣ್ಣಗಾಯಿತು. ಹುಡುಗಿ ಸುಂದರಿಯೇನಲ್ಲ. ಅದಾದರೂ ಆಗಿದ್ದರೆ ಗಂಡನಿಗೆ ಬಯ್ಯೋಕೆ ಒಂದು ನೆವ ಸಿಗುತ್ತಿತ್ತು. ಇವರು ಅವಳ ಮುಖ ನೋಡಿದ್ದೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಮೈಮರೆತು ಕೇಳುತ್ತಿದ್ದರು. ನಾನು ನುಡಿಸುವಾಗ ಈ ಮನುಷ್ಯ ಒಂದು ದಿನ ಹಾಗೆ ಕೂತದ್ದಿಲ್ಲ, ಅಲ್ಲಿಂದಿಲ್ಲಿಗೆ ವೈರು ಎಳೆಯುತ್ತಿರುತ್ತಾರೆ. ಬಾಗಿಲಲ್ಲಿ ನಿಂತಿದ್ದ ನಾನು ತಣ್ಣಗಾದ ಟೀಯನ್ನು ಮೋರಿಗೆ ಚೆಲ್ಲಿ ಬಂದೆ.

ಮೂರು ದಿನ ಮುಖ ಊದಿಸಿಕೊಂಡು ಓಡಾಡಿದೆ. ಸಾರಿಗೆ ಒಗ್ಗರಣೆ ಹಾಕಲಿಲ್ಲ. ಪುಣ್ಯಾತ್ಮರು ಅದನ್ನೂ ಚೆನ್ನಾಗಿದೆ ಅಂತ ಉಂಡರು. ನಾಲ್ಕನೇ ದಿನ ನನ್ನ ರೆಕಾರ್ಡಿಂಗ್. ಕೋಣೆಗೆ ಹೋಗಿ ಕೂತರೆ, ಎಂದಿನ ಹಾಗೆ ಗೇಣು ದೂರಕ್ಕೆ ಮೈಕು ಇಟ್ಟು ತಿರುಪು ಬಿಗಿಮಾಡಿದರು. ನನಗೆ ಇನ್ನು ತಡೆಯಲಾಗಲಿಲ್ಲ.

"ಅವ್ಳಿಗಿಟ್ಟ ಜಾಗ್ದಲ್ಲೇ ನಂಗೂ ಇಡಿ. ಒಂದ್ ಬೆರಳೂ ಅತ್ತಿತ್ತ ಆಗ್ಬಾರ್ದು," ಅಂದೆ.

ನಿನಗೆ ಇದೇ ಸರಿ ಬುಡು ಅಂದರು. ನಾನು ಬಿಡಲಿಲ್ಲ. ಕಂಡವರ ಮನೆ ಹುಡುಗಿಗೆ ಮಂಡಿಯೂರುವವರಿಗೆ ಕಟ್ಟಿಕೊಂಡವಳಿಗೆ ಬಗ್ಗಲು ಸೊಂಟ ನೋವೇ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಮೊದಲು ಗೇಣು ದೂರದಲ್ಲಿ ಒಂದು ಮಾಡಿಬಿಡೋಣ, ಆಮೇಲೆ ನಿನ್ನಿಷ್ಟ ಅಂದರು. ಹಾಗೇ ಮಾಡಿದೆವು. ಆಮೇಲೆ ಮೈಕನ್ನು ತುಟಿಯ ಎದುರಿಗೆ ತಂದು ಮೂರು ಬೆರಳು ಅಳೆದು ಇಟ್ಟರು. ನಾನು ಜಂಬದಿಂದ ಅದನ್ನೇ ಮತ್ತೆ ನುಡಿಸಿದೆ.

ಎರಡನೆಯದನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಸ್ವರದ ಜೊತೆಗೇ ಉದ್ದಕ್ಕೂ ಪುಸ್ ಪುಸ್ ಅಂತ ಗಾಳಿ, ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನ ಹಾಗೆ. ತಾರಸ್ಥಾಯಿಗೆ ಹೋದಾಗ ಸ್ವರಕ್ಕಿಂತ ಗಾಳಿಯೇ ಜಾಸ್ತಿ. ನಿಮ್ಮ ಮೈಕು ಕೆಟ್ಟಿದೆ ಅಂದೆ. ಅವರು ಹುಡುಗಿಯದನ್ನು ಹಾಕಿದರು. ಅದೇ ಮೈಕು, ಅದೇ ಮೂರು ಬೆರಳು. ಅವಳ ಸ್ವರ ತೊಳೆದಿಟ್ಟ ಲೋಟದಂತೆ ಚೊಕ್ಕಟವಾಗಿತ್ತು.

"ನಿನ್ ಉಸ್ರು ಸೋರ್ತದೆ ಕಣಮ್ಮಿ," ಅಂದರು ಯಜಮಾನರು. "ತುಟಿ ಎಡಮೂಲೆಲಿ."

ಆಮೇಲೆ ಒಂದೊಂದಾಗಿ ಹೇಳಿದರು. ಬಾಯಿಂದ ದೂರ, ಬೆರಳಿನ ಕಡೆ ಮೈಕು ಇಟ್ಟರೆ ಆ ಗಾಳಿ ಅದಕ್ಕೆ ಸಿಗುವುದಿಲ್ಲ. ಆದರೆ ದೂರ ಇಟ್ಟ ಮೈಕಿಗೆ ವಾಲ್ಯೂಮ್ ಜಾಸ್ತಿ ಕೊಡಬೇಕು, ಕೊಟ್ಟಮೇಲೆ ಕಾಲ ಬಳಿ ಮಾನಿಟರ್ ಇಟ್ಟರೆ ಕೂಗದೆ ಇರುವುದಿಲ್ಲ. ಮಾನಿಟರ್ ಇಲ್ಲದಿದ್ದರೂ ದೊಡ್ಡ ಸ್ಪೀಕರೇ ಎಲ್ಲಿ ಕೂಗಿಬಿಡುತ್ತೋ ಅಂತ ನನ್ನ ಕಾರ್ಯಕ್ರಮ ಮುಗಿಯುವ ತನಕ ಅವರು ಕೂರುವುದೂ ಇಲ್ಲ.

"ಯಾವಾಗಿಂದ ಗೊತ್ತು ನಿಮ್ಗೆ?"

"ಮೊದಲ್ನೇ ದಿನದಿಂದ."

ಬೇರೆ ಯಾರಾದರೂ ಆಗಿದ್ದರೆ ಎಂಥ ಒಳ್ಳೇ ಗಂಡ ಅಂತ ಕಣ್ಣೀರು ಹಾಕುತ್ತಿದ್ದರೇನೋ. ನನಗೆ ಬಂದದ್ದು ಸಿಟ್ಟು. ಹನ್ನೆರಡು ವರ್ಷದ ಹಿಂದೆಯೇ ಒಂದು ಮಾತು ಅಂದಿದ್ದರೆ ಅಳುತ್ತಿದ್ದೆ, ಎರಡು ದಿನ ಊಟ ಬಿಡುತ್ತಿದ್ದೆ, ಆಮೇಲೆ ತುಟಿ ತಿದ್ದಿಕೊಳ್ಳುತ್ತಿದ್ದೆ. ಈಗ ನಲವತ್ತು ದಾಟಿದೆ, ತುಟಿ ಹಾಗೇ ಕೂತುಬಿಟ್ಟಿದೆ. ಬೇಜಾರು ಮಾಡ್ಕೊತೀಯ ಅಂತ ಸುಮ್ಮನಾದೆ ಅಂದರು.

ಅವತ್ತು ಸಂಜೆಯೊಳಗೆ ಕಳಿಸಬೇಕಿತ್ತು. ದೂರದ್ದನ್ನು ಕಳಿಸೋಣ, ಇಂಪಾಗಿದೆ, ಯಾರಿಗೂ ತಿಳಿಯಲ್ಲ ಅಂದರು. ನಿಜವಾಗಿಯೂ ಇಂಪಾಗಿತ್ತು. ಕೇಳಿದವರು ಆರಿಸಿಯೇ ಬಿಡುತ್ತಿದ್ದರೇನೋ. ಎರಡನ್ನೂ ಇನ್ನೊಂದು ಸಲ ಕೇಳಿ, ಹತ್ತಿರದ್ದನ್ನು ಕಳಿಸಿ ಅಂದೆ.

"ಸೋತೋಯ್ತೀಯ ಕಣಮ್ಮಿ."

"ಸೋತ್ರೆ ನಾನ್ ಸೋಲ್ತೀನಿ. ದೂರದ್ರಲ್ಲಿ ಗೆದ್ರೆ ನಿಮ್ ಗೇಣು ಗೆದ್ದಂಗಾಯ್ತದೆ."

ಅವರು ಕಳಿಸಲಿಲ್ಲ, ಮೌಸು ಬಿಡಲೂ ಇಲ್ಲ. ಕೊನೆಗೆ ನಾನೇ ಕೈಯಿಂದ ಕಿತ್ತುಕೊಂಡು ಕಳಿಸಿದೆ.

ಕಛೇರಿ ಹುಡುಗಿಗೇ ಸಿಕ್ಕಿತು. ಅವಳ ತಾಯಿ ಫೋನು ಮಾಡಿ, ನಿಮ್ಮ ಯಜಮಾನರು ಮೈಕು ಇಟ್ಟ ಗುಣ ಅಂತ ಥ್ಯಾಂಕ್ಸ್ ಹೇಳಿದರು. ಒಳ್ಳೇದಾಯ್ತು ಕಣಮ್ಮ ಅಂದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮೈಸೂರಿನ ಕಛೇರಿ ಒಂದು ಕಡೆ ಇರಲಿ. ಆ ಹುಡುಗಿಗೆ, ಇನ್ನೂ ಚಿಕ್ಕವಳಿದ್ದಾಗಲೇ, ನಿನ್ನ ಉಸಿರು ಸೋರುತ್ತೆ ಅಂತ ಯಾರೋ ಮುಖಕ್ಕೆ ಹೇಳಿರಲೇಬೇಕಲ್ಲ, ಅದಕ್ಕೆ ಉರಿಯಿತು.