ಉಷ್ಣಕ್ಕೆ ಎಳನೀರು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಅಕ್ಕ ತೀರಿಕೊಂಡ ಮೇಲೆ ಅದು ಹೋಗುವ ಮಾತನ್ನೇ ಎತ್ತಿಲ್ಲ.

ಅಕ್ಕನಿಗೆ ಮುಟ್ಟಿನ ದಿನ ಬಿಟ್ಟು ನಡುವೆಯೂ ರಕ್ತ ಹೋಗತೊಡಗಿತ್ತು. ಬಿಳಿಗೆರೆ ಕಡೆಯ ನಮ್ಮ ಊರಿನಲ್ಲಿ ಹೆಂಗಸರ ಇಂಥ ಕಾಯಿಲೆಗೆಲ್ಲ ಒಂದೇ ಹೆಸರು, ಉಷ್ಣ. ಒಂದೇ ಮದ್ದು, ಎಳನೀರು. ಮರದ ತುಂಬ ಕಾಯಿ ಇರುವಾಗ ಆಸ್ಪತ್ರೆಗೆ ಯಾರು ಹೋಗುತ್ತಾರೆ? "ಉಷ್ಣ ಜಾಸ್ತಿ ಆಗೈತೆ ಕಣೇ, ಕುಡಿ, ಇಳಿತೈತೆ" ಎಂದು ಅಮ್ಮ ಬೆಳಗಾದರೆ ಒಂದು ಕೊಚ್ಚಿ ಕೊಡುತ್ತಿದ್ದಳು. ಕೊಬ್ಬರಿಯ ಚಿಪ್ಪು ಬಿಡಿಸುವ ಹೆಂಗಸರ ಸಾಲಿನಲ್ಲಿ ಕೂತೇ ಅಕ್ಕ ಅದನ್ನು ಕುಡಿಯುತ್ತಿದ್ದಳು.

ಅದೇ ಹೊತ್ತಿಗೆ ನಮ್ಮ ಕಡೆಯ ಮುಖಂಡನೊಬ್ಬ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಶಿಬಿರ ಮಾಡಿಸುತ್ತೇನೆಂದು ಶಾಲೆಯ ಮೈದಾನದಲ್ಲಿ ಮಾತು ಕೊಟ್ಟ. ಅಕ್ಕ ಹೆಸರು ಬರೆಸಿದಳು. ಅಷ್ಟರಲ್ಲಿ ಸರ್ಕಾರ ಅಲುಗಾಡಿತು. ಶಾಸಕರು ರೆಸಾರ್ಟ್ ಸೇರಿದರು, ಇವನು ಅವರ ಹಿಂದೆ ಓಡಿದ. ಸರ್ಕಾರ ಬಿತ್ತು. ಹಳಬರ ಯೋಜನೆ ಎಂದು ಹೊಸಬರು ಶಿಬಿರ ನಿಲ್ಲಿಸಿದರು. ಇವನೂ ಪಕ್ಷ ಬದಲಿಸಿ ಬಂದು, "ಮುಂದಿನ ತಿಂಗಳು ಗ್ಯಾರಂಟಿ" ಎಂದ. ಹೆಂಗಸರ ಮೈಗೂ ಇವರ ಕುರ್ಚಿಗೂ ಏನು ಸಂಬಂಧವೋ! ಅಕ್ಕ ಕಾದಳು. ಕೊನೆಗೆ ನಾವೇ ತುಮಕೂರಿಗೆ ಕರೆದುಕೊಂಡು ಹೋದಾಗ, ಅದೇ ಕ್ಯಾನ್ಸರ್, ಮೊದಲೇ ನೋಡಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರಮ್ಮ. ಮುಂದಿನ ಸಲ, ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ್ದ ಕಾಯಿ ಇಳಿಸುವ ಹೊತ್ತಿಗೆ ಅಕ್ಕ ಇರಲಿಲ್ಲ.

ಈ ಬೇಸಿಗೆಯಲ್ಲಿ ಅದೇ ಮುಖಂಡ ಹೊಸ ಶಲ್ಯ ಹೊದ್ದು ವೋಟು ಕೇಳಲು ನಮ್ಮ ಅಂಗಳಕ್ಕೆ ಬಂದ. ಅಕ್ಕನ ಮಗಳ ತಲೆ ಸವರಿ, "ನಮ್ ಸರ್ಕಾರ ಬಂದ್ರೆ ಹೆಣ್ಮಕ್ಳಿಗೆಲ್ಲ ಕ್ಯಾನ್ಸರ್ ಲಸಿಕೆ ಫ್ರೀ ಕಣಮ್ಮ" ಎಂದ. ನನ್ನ ಮೈಯೆಲ್ಲ ಉರಿದುಹೋಯಿತು. ಬಿಸಿಲಲ್ಲಿ ಬಂದವರಿಗೆ ಎಳನೀರು ಕೊಡುವುದು ನಮ್ಮಲ್ಲಿ ಪದ್ಧತಿ. ಮಚ್ಚು ತೆಗೆದುಕೊಂಡು ಅವನ ಕಣ್ಣೆದುರೇ ಒಂದು ಕಾಯಿ ಕೊಚ್ಚಿದೆ. ಜೊತೆಗೆ ಬಂದಿದ್ದವರು ಹಿಂದೆ ಸರಿದದ್ದು ನೋಡಿ ನನಗೆ ಖುಷಿಯೇ ಆಯಿತು.

"ಕುಡೀರಿ. ನಿಮ್ ಶಿಬಿರ ಕಾಯ್ಕೊಂಡು ನಮ್ಮಕ್ಕ ಸಾಯೋಗಂಟ ಇದ್ನೇ ಕುಡುದ್ಲು. ಈ ಮಗೂಗೆ ಲಸಿಕೆ ಹಾಕ್ಸೋಗಂಟ ನೀವು ಯಾವೂರಿಗೆ ಹೋದ್ರೂ ನಾನೇ ತಂದ್ಕೊಡ್ತೀನಿ."

ಅವನು ಎಳನೀರನ್ನು ಕುಡಿಯದೆ ಜಗಲಿಯ ಮೇಲಿಟ್ಟು ಹೊರಟುಹೋದ.

ಮಾರನೆಯ ದಿನ ಹಾಲ್ಕುರಿಕೆಯಲ್ಲಿ ಅವನ ಸಭೆ. ನಾನೂ ಅಕ್ಕನ ಮಗಳೂ ಮುಂದಿನ ಸಾಲಿನಲ್ಲೇ ಕೂತೆವು, ಮಡಿಲಲ್ಲಿ ಎಳನೀರು ಇಟ್ಟುಕೊಂಡು. ನಮ್ಮನ್ನು ಕಂಡದ್ದೇ ಅವನು ಲಸಿಕೆಯ ಮಾತು ಬಿಟ್ಟು ರಸ್ತೆಯ ಮಾತಿಗೆ ಹೊರಳಿದ. ಆಮೇಲೆ ಅವನ ಒಂದು ಸಭೆಯನ್ನೂ ನಾವು ತಪ್ಪಿಸಿಲ್ಲ.

ಲಸಿಕೆ ಇನ್ನೂ ಬಂದಿಲ್ಲ. ನಮ್ಮ ತೋಟದಲ್ಲಿ ಎಳನೀರಿಗೇನೂ ಬರವಿಲ್ಲ.