ಎರಡಕ್ಕೂ ಒಂದೇ ನಂಬರ್ ಬಂದರೆ?

ಸ್ನೇಹಿತರೇ, ಇವತ್ತು ದೊಡ್ಡ ಅನಾಹುತವೊಂದು ತಪ್ಪಿತು. ಕ್ರಿಪ್ಟೋ ಹಣದ ಜಾಲದಲ್ಲಿ ಬ್ಲಾಕ್‌ಗಳು, ಅಂದರೆ ವ್ಯವಹಾರಗಳ ಕಟ್ಟುಗಳು, ಎಲ್ಲ ಕಂಪ್ಯೂಟರ್‌ಗಳಿಗೂ ಬೇಗ ಹರಡುವಂತೆ ಮಾಡುವುದು ನನ್ನ ಕೆಲಸ. ಇವತ್ತು ಆಫೀಸಿನ ಹತ್ತಿರದ ಫಳ್ನೀರಿನಲ್ಲಿ ರವಿಕೆ ಹೊಲಿಸಲು ಕೊಡುವಾಗ ಟೈಲರ್ ಜಮೀಲಕ್ಕನಿಗೆ ಅದನ್ನು ವಿವರಿಸಿದೆ.

"ವ್ಯವಹಾರಗಳ ವಿವರ ಮೊದಲೇ ಎಲ್ಲ ಕಂಪ್ಯೂಟರಿನಲ್ಲೂ ಉಂಟು. ಹಾಗಾಗಿ ಬ್ಲಾಕ್ ಕಳಿಸುವಾಗ ಪ್ರತಿ ವ್ಯವಹಾರದ ಒಂದು ಚಿಕ್ಕ ನಂಬರ್ ಮಾತ್ರ ಕಳಿಸ್ತೇವೆ."

"ಎರಡು ವ್ಯವಹಾರಕ್ಕೂ ಒಂದೇ ನಂಬರ್ ಬಂದ್ರೆ ಎಂತ ಮಾಡುವುದು ಮಾರಾಯ್ತಿ?"

"ಅದು ಭಾರೀ ಅಪರೂಪ ಅಕ್ಕ."

"ಅಪರೂಪ ಅಂದ್ರೆ ಆಗ್ತದೆ ಅಂತಲೇ ಅಲ್ವಾ?"

ಆಫೀಸಿಗೆ ಓಡಿ, ಬೇಕೆಂದೇ ಎರಡು ವ್ಯವಹಾರಗಳಿಗೆ ಒಂದೇ ನಂಬರ್ ಕೊಟ್ಟು ನೋಡಿದೆ. ಪರೀಕ್ಷಿಸಲೆಂದು ಇಟ್ಟುಕೊಂಡಿದ್ದ ಜಾಲ ಪೂರ್ತಿ ನಿಂತೇ ಹೋಯಿತು! ನಾಳೆ ಬೆಳಿಗ್ಗೆ ಬಿಡುಗಡೆಯಾಗಬೇಕಿದ್ದ ಕೋಡ್ ಅದು. ನಾವು ನಾಲ್ವರು ಇಂಜಿನಿಯರ್‌ಗಳು ಪರಿಶೀಲಿಸಿ ಸರಿ ಎಂದಿದ್ದೆವು.

ತಪ್ಪು ಹಿಡಿದವರು ಯಾರೆಂದು ಮ್ಯಾನೇಜರ್ ಕೇಳಿದರು. "ಹೊರಗಿನ ಒಬ್ಬ ತಜ್ಞರು" ಎಂದುಬಿಟ್ಟೆ. ಈಗ ನಾಳೆಯ ಮೀಟಿಂಗಿಗೆ ಅವರನ್ನೂ ಕರೆಯಬೇಕಂತೆ.