ನಂಜಿನ ಪಲ್ಯ

ಶಿವಮೊಗ್ಗದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಒಂದು ಡಬ್ಬಿ ಬದನೆಕಾಯಿ ಪಲ್ಯ ಪತ್ತೆಯಾಯಿತು. ಗಾಂಧಿ ಬಜಾರಿನ ಮೆಸ್ಸಿನಿಂದ ಅದನ್ನು ತಂದ ಆರೋಪಿ ನಾನು.

ಊರಿಗೆಲ್ಲ ಡೆಂಗಿ ಬಂದು ವಾರ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭದ್ರಾವತಿಯಿಂದ ಬಂದಿದ್ದ ನನ್ನ ಭಾವನಿಗೆ ಡೆಂಗಿ ಇಳಿದಿತ್ತು. ನಾಳೆ ಮನೆಗೆ ಎನ್ನುವಾಗ ಮತ್ತೆ ನಡುಕ, ಜ್ವರ. ಬಿಪಿ ಇಳಿಯತೊಡಗಿತು.

"ರಕ್ತಕ್ಕೆ ನಂಜಾಗಿದೆ" ಎಂದರು ಡಾಕ್ಟರು.

ಅಕ್ಕ ನನ್ನತ್ತ ತಿರುಗಿದಳು. "ಬದನೆಕಾಯಿ ನಂಜು ಅಂತ ಗೊತ್ತಿದ್ದೂ ತಿನ್ನಿಸಿದ್ಯಲ್ಲೋ ಮಾರಾಯ! ನನ್ನ ಗಂಡನ್ನ ಉಳಿಸ್ಕೊಡು ಈಗ!"

ಪಕ್ಕದ ಮಂಚದವರೂ ತಲೆಯಾಡಿಸಿದರು. ಡಾಕ್ಟರು ಅವಳನ್ನು ತಿದ್ದಲಿಲ್ಲ. ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನವೇ ಕಂಡಿತು. ನನಗೆ ಅನುಮಾನ ಬಂದದ್ದು ಆಗ.

ಭಾವನ ಕೈಯಲ್ಲಿ ಡ್ರಿಪ್ ಸೂಜಿಯ ಸುತ್ತ ಕೆಂಪಗೆ ಊದಿಕೊಂಡಿತ್ತು.

"ಸಾರ್, ಪಲ್ಯ ಹೋಗಿದ್ದು ಬಾಯಲ್ಲಿ. ಈ ಸೂಜಿ ಯಾವಾಗ ಹಾಕಿದ್ದು?"

"ಅಡ್ಮಿಟ್ ಆದಾಗ. ರಶ್ ನೋಡ್ತಿದೀರಲ್ಲ, ಬದಲಾಯಿಸೋಕೆ ಆಗಿಲ್ಲ" ಎಂದವರು ದನಿ ತಗ್ಗಿಸಿ, "ಪಲ್ಯ ಎಷ್ಟು ತಿಂದ್ರು?" ಎಂದು ಕೇಳಿದರು.

ನಾನು ಸೂಜಿಯನ್ನೇ ನೋಡುತ್ತ ನಿಂತೆ. ಕೊನೆಗೆ ಡಾಕ್ಟರು ಅದನ್ನು ತೆಗೆಸಿ, ರಕ್ತವನ್ನು ಪರೀಕ್ಷೆಗೆ ಕಳಿಸಿದರು.

ರಿಪೋರ್ಟ್ ಬಂತು: ಚರ್ಮದ ಮೇಲಿರುವ ಬ್ಯಾಕ್ಟೀರಿಯಾ ಸೂಜಿಯ ದಾರಿಯಲ್ಲಿ ರಕ್ತ ಸೇರಿತ್ತು. ಆಂಟಿಬಯಾಟಿಕ್ ಹಿಡಿಯಿತು. ಭಾವ ಮತ್ತಷ್ಟು ದಿನ ಮಲಗಿದ್ದು, ಬಸ್ಸು ಹತ್ತಿ ಭದ್ರಾವತಿಗೆ ಹೋದರು.